ಬೆಲೆಯಿಲ್ಲದ ನಾಯಿಗೆ ವಿಮೆ ಮಾಡಿಸಿದ ನನ್ನ ಅನುಭವ

2023ರ ಆಗಸ್ಟಿನಲ್ಲಿ ಮದ್ದೂರಿನಿಂದ ಬಂದಿದ್ದ ಅಪ್ಪ, ನಾನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ಕಾಗದಗಳನ್ನು ನೋಡಿ ಇದೇನೆಂದು ವಿಚಾರಿಸಿದರು. ಚುಕ್ಕಿಗೆ ವಿಮೆ ಮಾಡಿಸುವ ಯೋಚನೆಯಲ್ಲಿದ್ದೇನೆ ಎಂದೆ. ಅವರು ನಗಲಿಲ್ಲ. ಹಸುಗಳಿಗೆ ವರ್ಷಗಟ್ಟಲೆ ವಿಮೆ ಕಟ್ಟಿದ ಮನುಷ್ಯ. “ಅಲ್ಲ ಕಣವ್ವಾ, ಹಸೂಗಾದ್ರೆ ಸಂತೇಲಿ ಒಂದು ಬೆಲೆ ಐತೆ. ಬೀದಿನಾಯ್ಗೆ ಏನಂತ ಬೆಲೆ ಕಟ್ಟೀಯೆ?” ಎಂದರು.

ಒಂದು ವಾರದಿಂದ ಪಾಲಿಸಿಗಳನ್ನು ಓದುತ್ತಿದ್ದ ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಹಸುವಿನ ವಿಮೆಯಲ್ಲಿ ಪಶುವೈದ್ಯರು ಹಸುವಿಗೆ ಬೆಲೆ ಕಟ್ಟುತ್ತಾರೆ, ಕಿವಿಗೆ ಸಂಖ್ಯೆಯಿರುವ ಓಲೆ ಹಾಕುತ್ತಾರೆ, ಹಸು ಸತ್ತರೆ ಆ ಓಲೆಯನ್ನು ತೋರಿಸಿ ಕಟ್ಟಿದ ಬೆಲೆಯನ್ನು ಪಡೆಯಬೇಕು. ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ. ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಗಳು ಬಹಳ ಕಾಲದಿಂದ ಮಾರುತ್ತಿರುವ ನಾಯಿ ವಿಮೆಯೂ ಬಹುಮಟ್ಟಿಗೆ ಇದೇ ಅಚ್ಚಿನದು. ನಾಯಿಯ ಮಾರುಕಟ್ಟೆ ಬೆಲೆಯೇ ಅಲ್ಲಿ ವಿಮಾ ಮೊತ್ತ, ಸಾವೇ ಮುಖ್ಯ ಅಪಾಯ. ಚುಕ್ಕಿಯೋ, 2021ರ ಮಳೆಗಾಲದಲ್ಲಿ ಚಾಮರಾಜಪೇಟೆಯ ನಮ್ಮ ಮುದ್ರಣಾಲಯದ ಎದುರು ತಳ್ಳುಗಾಡಿಯ ಅಡಿಯಲ್ಲಿ ನಡುಗುತ್ತ ಕುಳಿತಿದ್ದ ಮರಿ. ಲಸಿಕೆಯ ಪುಸ್ತಕದಲ್ಲಿ ತಳಿ ಎಂಬ ಕಡೆ ವೈದ್ಯರು ‘ಎನ್.ಡಿ.’ ಎಂದು ಬರೆದಿದ್ದಾರೆ. ನಾನ್‌ಡಿಸ್ಕ್ರಿಪ್ಟ್, ಅಂದರೆ ಇಂಥದೇ ಎಂದು ಹೇಳಲಾಗದ ತಳಿ. ಅವಳಿಗೆ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆ. ಅವಳು ಸತ್ತರೆ ನನಗೆ ಆಗುವ ನಷ್ಟವನ್ನು ಯಾವ ಕಂಪನಿಯೂ ತುಂಬಿಕೊಡಲಾರದು, ನಾನು ಕೇಳುವುದೂ ಇಲ್ಲ. ಆದರೆ ಅವಳು ಬದುಕಿರುವಾಗ ಒಂದೇ ರಾತ್ರಿಯಲ್ಲಿ ನಲವತ್ತು ಸಾವಿರ ರೂಪಾಯಿ ಹೊಂದಿಸಬೇಕಾಗಿ ಬಂದರೆ ಏನು ಮಾಡುವುದು ಎಂಬ ಭಯ ಮಾತ್ರ ನಿಜವಾದದ್ದು. ವಿಮೆ ಬೇಕಿದ್ದದ್ದು ಆ ರಾತ್ರಿಗೆ.

ಇಷ್ಟು ಸ್ಪಷ್ಟವಾದ ಮೇಲೆ ಅರ್ಧ ಕಾಗದಗಳನ್ನು ಪಕ್ಕಕ್ಕಿಡುವುದು ಸುಲಭವಾಯಿತು. 2020ರಲ್ಲಿ ಬಜಾಜ್ ಅಲಿಯಾನ್ಜ್ ನಾಯಿಗಳ ವಿಮೆಯನ್ನು ಹೊರತಂದ ನಂತರದ ವರ್ಷಗಳಲ್ಲಿ ಫ್ಯೂಚರ್ ಜನರಾಲಿ, ಎಚ್‌ಡಿಎಫ್‌ಸಿ ಎರ್ಗೋ ಮೊದಲಾದ ಖಾಸಗಿ ಕಂಪನಿಗಳೂ ಈ ವ್ಯವಹಾರಕ್ಕೆ ಇಳಿದವು. ಇಂಥ ಪಾಲಿಸಿಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಾಸ, ಸಾವು, ಕಳವು, ಬೇರೆಯವರಿಗೆ ನಾಯಿಯಿಂದ ಆಗುವ ಹಾನಿ, ಹೊರರೋಗಿ ಚಿಕಿತ್ಸೆ ಎಂದು ಬೇರೆಬೇರೆ ವಿಭಾಗಗಳಿರುತ್ತವೆ. ಎಲ್ಲವನ್ನೂ ಸೇರಿಸಿದ ಒಂದು ಯೋಜನೆಗೆ ನನಗೆ ಹೇಳಿದ ಪ್ರೀಮಿಯಂ ವರ್ಷಕ್ಕೆ 9,400 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಸಾವು ಮತ್ತು ಕಳವಿನ ವಿಭಾಗಗಳನ್ನು ಕೈಬಿಟ್ಟು, 50,000 ರೂಪಾಯಿಯ ಶಸ್ತ್ರಚಿಕಿತ್ಸೆ ಹಾಗೂ ಆಸ್ಪತ್ರೆ ವಾಸದ ಭಾಗದೊಂದಿಗೆ ಬೇರೆಯವರಿಗಾಗುವ ಹಾನಿಯ ಭಾಗವನ್ನಷ್ಟೇ ಉಳಿಸಿಕೊಂಡಾಗ ಅದು 2,950ಕ್ಕೆ ಇಳಿಯಿತು. ತೆರಿಗೆ ಸೇರಿ 3,481.

ಏಜೆಂಟ್ ಒಬ್ಬರು ಈ ನಡುವೆ ಒಂದು ಉಪಾಯ ಹೇಳಿದರು. “ಮೇಡಂ, ತಳಿ ಜಾಗದಲ್ಲಿ ಲ್ಯಾಬ್ರಡಾರ್ ಮಿಕ್ಸ್ ಅಂತ ಹಾಕಿಬಿಡಿ, ಹದಿನೈದು ಸಾವಿರ ಬೆಲೆ ತೋರಿಸಬಹುದು” ಎಂದರು. ವಿಮೆಯ ಒಪ್ಪಂದ ನಿಂತಿರುವುದೇ ಕೇಳಿದ್ದಕ್ಕೆ ನಿಜ ಹೇಳುವುದರ ಮೇಲೆ. ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ವಿಮೆಯ ಅರ್ಜಿಯಲ್ಲಿ, ಬರೆದದ್ದು ಸುಳ್ಳೆಂದು ಕ್ಲೇಮಿನ ಹೊತ್ತಿಗೆ ತೋರಿಬಂದರೆ, ಆ ಸುಳ್ಳಿಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ನಾವು ವಾದಿಸುತ್ತ ಕೂರಬೇಕಾಗುತ್ತದೆ. ಲಸಿಕೆ ಪುಸ್ತಕದ ಮೇಲಿದ್ದ ಎನ್.ಡಿ. ಎಂಬ ಎರಡಕ್ಷರವನ್ನೇ ಫಾರ್ಮಿನಲ್ಲೂ ಬರೆದೆ.

ನನ್ನ ವೃತ್ತಿ ಕರಡು ತಿದ್ದುವುದು. ಆದ್ದರಿಂದ ಬ್ರೋಷರನ್ನು ಬಿಟ್ಟು, ಪಾಲಿಸಿ ವರ್ಡಿಂಗ್ಸ್ ಎಂದು ಕರೆಯುವ ಮೂವತ್ತು ಚಿಲ್ಲರೆ ಪುಟಗಳ ಷರತ್ತುಗಳನ್ನು ಮುದ್ರಿಸಿಕೊಂಡು ಕೆಂಪು ಪೆನ್ನು ಹಿಡಿದು ಕುಳಿತೆ. ಬ್ರೋಷರಿನಲ್ಲಿ ಕೊಡುವ ಮಾತು ದಪ್ಪಕ್ಷರದಲ್ಲಿರುತ್ತದೆ, ಆ ಮಾತಿನ ಅರ್ಥ ಮಾತ್ರ ವರ್ಡಿಂಗ್ಸಿನ ವ್ಯಾಖ್ಯೆಗಳ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ‘ಅಪಘಾತ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದ ವಿಮಾ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ವ್ಯಾಖ್ಯೆಯ ಪ್ರಕಾರ ಅಪಘಾತವೆಂದರೆ ಹೊರಗಿನಿಂದ ಬಂದ, ಕಣ್ಣಿಗೆ ಕಾಣುವ, ಬಲವಾದ ಪೆಟ್ಟಿನಂಥ ಕಾರಣದಿಂದ ಹಠಾತ್ತನೆ, ಊಹಿಸದೆ, ಇಚ್ಛೆಯಿಲ್ಲದೆ ನಡೆಯುವ ಘಟನೆ. ಕಾರು ಹಾಯ್ದರೆ ಸರಿ. ನಾಯಿಯು ಕಾಲುಚೀಲವನ್ನೋ ಮೂಳೆಯನ್ನೋ ತಾನೇ ನುಂಗಿದರೆ? ಅದು ಹೊರಗಿನಿಂದ ಬಂದದ್ದು ಹೌದು, ಆದರೆ ಇಚ್ಛೆಯಿಲ್ಲದೆ ನುಂಗಿತು ಎನ್ನಲು ಯಾವ ನಾಯಿಯೂ ಒಪ್ಪುವುದಿಲ್ಲ. ಅಪಘಾತಕ್ಕೆ ಮಾತ್ರ ಅನ್ವಯಿಸುವ ಅಗ್ಗದ ಪಾಲಿಸಿಯೊಂದು ಇನ್ನೂ ಏಳುನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಈ ಒಂದು ವ್ಯಾಖ್ಯೆಯ ಕಾರಣಕ್ಕೆ ಅದನ್ನು ಬಿಟ್ಟು, ಅಪಘಾತ ಹಾಗೂ ಕಾಯಿಲೆ ಎರಡಕ್ಕೂ ಶಸ್ತ್ರಚಿಕಿತ್ಸೆಯ ಖರ್ಚು ಕೊಡುವುದನ್ನು ಆರಿಸಿದೆ. ಜೊತೆಗೆ, ಹೊರವಸ್ತುವನ್ನು ನುಂಗಿದರೆ ಪರಿಹಾರ ಉಂಟೇ ಎಂದು ಕಂಪನಿಗೆ ಮಿಂಚಂಚೆ ಬರೆದು ಕೇಳಿ, ಉಂಟು ಎಂಬ ಉತ್ತರವನ್ನು ಮುದ್ರಿಸಿ ಫೈಲಿಗೆ ಹಾಕಿಕೊಂಡೆ. ಫೋನಿನಲ್ಲಿ ಸಿಕ್ಕ ಉತ್ತರವನ್ನು ಕ್ಲೇಮಿನ ದಿನ ಯಾರ ಮುಂದೆಯೂ ಇಡಲಾಗುವುದಿಲ್ಲ.

ಕಾಯುವ ಅವಧಿ, ಅಂದರೆ ಪಾಲಿಸಿ ಆರಂಭವಾದ ಮೇಲೂ ಪರಿಹಾರ ಸಿಗದ ಮೊದಲ ದಿನಗಳು, ನನ್ನ ಪಾಲಿಸಿಯಲ್ಲಿ ಕಾಯಿಲೆಗಳಿಗೆ 30 ದಿನವಿತ್ತು. ಪಾಲಿಸಿ ಆರಂಭವಾಗುವ ಮೊದಲೇ ಇದ್ದ ಕಾಯಿಲೆಗೆ ಪರಿಹಾರವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ, ಹಲ್ಲು ಶುಚಿ, ಲಸಿಕೆ ಇವು ಯಾವುವೂ ಸೇರುವುದಿಲ್ಲ. ಪಾರ್ವೊ, ಡಿಸ್ಟೆಂಪರ್, ಇಲಿಜ್ವರಗಳಂಥ, ಲಸಿಕೆಯಿಂದ ತಡೆಯಬಹುದಾದ ಕಾಯಿಲೆಗಳು ಬಂದಾಗ ಲಸಿಕೆ ಬಾಕಿಯಿದ್ದರೆ ಕ್ಲೇಮು ಬಿದ್ದುಹೋಗುತ್ತದೆ. ಆದ್ದರಿಂದ ಲಸಿಕೆ ಪುಸ್ತಕದ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಂಡೆ, ಬಾಟಲಿಯ ಮೇಲಿನ ಚೀಟಿ ಅಂಟಿಸಿರುವ ಪುಟಗಳನ್ನಂತೂ ತಪ್ಪದೆ. ಅಪ್ಪನ ಹಸುವಿನ ಓಲೆಗೆ ಬದಲಾಗಿ ಚುಕ್ಕಿಯ ಭುಜಗಳ ನಡುವೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ಪನ್ನು ಹಾಕಿಸಿದೆ. ಅದರ 15 ಅಂಕಿಗಳ ಸಂಖ್ಯೆ ಪಾಲಿಸಿಯಲ್ಲೂ ನಮೂದಾಯಿತು, ಕಂಪನಿ ಪ್ರೀಮಿಯಂನಲ್ಲಿ ಶೇಕಡಾ 5 ಬಿಟ್ಟುಕೊಟ್ಟಿತು. ಬರೇ ಫೋಟೋದಿಂದ ಎರಡು ಕಂದು ಬೀದಿನಾಯಿಗಳನ್ನು ಬೇರೆಬೇರೆ ಎಂದು ಗುರುತಿಸುವುದು ಮನೆಯವರಿಗಲ್ಲದೆ ಬೇರೆ ಯಾರಿಗೂ ಆಗದ ಕೆಲಸ.

ಹೊರರೋಗಿ ಚಿಕಿತ್ಸೆಯ ವಿಭಾಗದ ಬಗ್ಗೆ ಎರಡು ದಿನ ಯೋಚಿಸಿದೆ. ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಉಣ್ಣೆಹುಳು ಕಚ್ಚಿ ಬರುವ ಉಣ್ಣೆಜ್ವರ ಗೊತ್ತೇ ಇರುತ್ತದೆ: ಎರ್ಲಿಕಿಯಾ ಅಥವಾ ಬಬೀಸಿಯಾ ಸೋಂಕು, ಪ್ಲೇಟ್‌ಲೆಟ್ ಇಳಿತ, ಮತ್ತೆ ಮತ್ತೆ ರಕ್ತಪರೀಕ್ಷೆ, ಎರ್ಲಿಕಿಯಾ ಆದರೆ ವಾರಗಟ್ಟಲೆ ಡಾಕ್ಸಿಸೈಕ್ಲಿನ್ ಮಾತ್ರೆ. ಇದರ ಬಹುಭಾಗ ಆಸ್ಪತ್ರೆಗೆ ಸೇರಿಸದೆಯೇ ನಡೆಯುವ ಚಿಕಿತ್ಸೆ. ಆ ವಿಭಾಗಕ್ಕೆ ನನಗೆ ಹೇಳಿದ ದರ 1,800 ರೂಪಾಯಿ, ಸಿಗುವ ಗರಿಷ್ಠ ಮೊತ್ತ 5,000, ಅದರಲ್ಲೂ ಉಣ್ಣೆ ತಡೆಯುವ ಔಷಧ ಸೇರುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಾಗೂ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಇಂಥ ಚಿಕಿತ್ಸೆ ಖಾಸಗಿಗಿಂತ ಎಷ್ಟೋ ಅಗ್ಗವಾಗಿ ಸಿಗುತ್ತದೆ; ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು, ಅಷ್ಟೇ. ಆದ್ದರಿಂದ ಆ ವಿಭಾಗವನ್ನು ಬಿಟ್ಟು, ತಿಂಗಳಿಗೆ 300 ರೂಪಾಯಿಯನ್ನು ಬೇರೆ ಉಳಿತಾಯ ಖಾತೆಗೆ ಹಾಕತೊಡಗಿದೆ. ಸಣ್ಣ ಖರ್ಚಿಗೆ ಖಾತೆ, ದೊಡ್ಡ ಖರ್ಚಿಗೆ ವಿಮೆ ಎಂದು ಮಾಡಿಕೊಂಡ ವಿಂಗಡಣೆ ಇವತ್ತಿಗೂ ನಡೆದುಕೊಂಡು ಬಂದಿದೆ.

ಬೇರೆಯವರಿಗೆ ಆಗುವ ಹಾನಿಯ ಭಾಗವನ್ನು ಉಳಿಸಿಕೊಂಡದ್ದು, ನಮ್ಮ ಕಟ್ಟಡಕ್ಕೆ ದಿನಕ್ಕೆ ಇಪ್ಪತ್ತು ಜನ ಡೆಲಿವರಿ ಹುಡುಗರು ಬರುತ್ತಾರೆಂಬ ಕಾರಣಕ್ಕೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಇವೆ. ಆ ದಂಡವನ್ನು ವಿಮೆ ಕಟ್ಟಿಕೊಡುವುದಿಲ್ಲ. ಕಾನೂನಿನ ಪ್ರಕಾರ ಪೆಟ್ಟಾದವರಿಗೆ ನಾವು ಕೊಡಬೇಕಾದ ಪರಿಹಾರವನ್ನಷ್ಟೇ ಕೊಡುತ್ತದೆ, ಅದೂ ಕಂಪನಿಗೆ ತಿಳಿಸದೆ ನಾವೇ ತಪ್ಪೊಪ್ಪಿಕೊಂಡು ರಾಜಿಯಾಗದಿದ್ದರೆ.

2024ರ ಮೇ ತಿಂಗಳ ಒಂದು ಭಾನುವಾರ ಚುಕ್ಕಿ ಮಾವಿನ ಓಟೆಯನ್ನು ನುಂಗಿದ್ದಳು. ನುಂಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಎರಡು ದಿನ ವಾಂತಿಯಾಗಿ, ಮಂಗಳವಾರ ರಾತ್ರಿ ನೀರೂ ನಿಲ್ಲದೆ ಹೋದಾಗ ರಾತ್ರಿಯಿಡೀ ತೆರೆದಿರುವ ಖಾಸಗಿ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದೆವು. ಸ್ಕ್ಯಾನಿನಲ್ಲಿ ಕರುಳಿನೊಳಗೆ ಸಿಕ್ಕಿಕೊಂಡ ಓಟೆ ಕಂಡಿತು. ಹೊಟ್ಟೆ ತೆರೆಯುವುದಕ್ಕೆ ಸಹಿ ಹಾಕಿ, ಹೊರಗಿನ ಬೆಂಚಿನಲ್ಲಿ ಕುಳಿತು ಮಾಡಿದ ಮೊದಲ ಕೆಲಸ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆದದ್ದು. 24 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತು ಇತ್ತು.

ಮೂರು ದಿನದ ನಂತರ ಬಿಲ್ಲು 41,300 ರೂಪಾಯಿ ಆಯಿತು. ಕ್ಯಾಶ್‌ಲೆಸ್ ಇರಲಿಲ್ಲ, ನಾನೇ ಕಟ್ಟಿ ಆಮೇಲೆ ಪಡೆಯಬೇಕಿತ್ತು. ಷರತ್ತುಗಳ ಪದಗಳು ಹಣವಾಗಿ ಬದಲಾಗುವುದನ್ನು ನಾನು ಕಂಡದ್ದು ಆ ಬಿಲ್ಲಿನಲ್ಲಿ. ಕುತ್ತಿಗೆಗೆ ಹಾಕುವ ಕೋನು, ಪ್ಯಾಡು, ವಿಶೇಷ ಆಹಾರದ 1,500 ರೂಪಾಯಿ ಸೇರುವುದಿಲ್ಲ. ವಾರ್ಡಿನ ಬಾಡಿಗೆ ದಿನಕ್ಕೆ 1,500, ಪಾಲಿಸಿಯ ಉಪಮಿತಿ, ಅಂದರೆ ಆ ಒಂದು ಬಾಬತ್ತಿಗೆ ಕೊಡುವ ಗರಿಷ್ಠ ಮೊತ್ತ, 1,000; ಮೂರು ದಿನಕ್ಕೆ 1,500 ಹೋಯಿತು. ಉಳಿದ 38,300ರಲ್ಲಿ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ಮೊದಲಿಗೆ ನಾವೇ ಹೊರಬೇಕಾದ ನಿಗದಿತ ಮೊತ್ತ, 2,000. ಅದನ್ನು ಕಳೆದ 36,300ರಲ್ಲಿ ಕೋ-ಪೇ, ಅಂದರೆ ನಮ್ಮ ಪಾಲು, ಶೇಕಡಾ 20, ಅದು 7,260. ಕೈಗೆ ಬರಬೇಕಾದದ್ದು 29,040. ಕೋ-ಪೇಯನ್ನು ಮೊದಲು ಕಳೆದು ಡಿಡಕ್ಟಿಬಲ್ಲನ್ನು ಆಮೇಲೆ ಕಳೆದರೆ 28,640 ಆಗುತ್ತದೆ. ಯಾವುದು ಮೊದಲು ಎಂಬುದು ಷರತ್ತಿನಲ್ಲಿ ಒಂದು ಸಾಲಿನಲ್ಲಿದೆ, ಆ ಸಾಲಿನ ಬೆಲೆ 400 ರೂಪಾಯಿ.

ಬರಬೇಕಾದದ್ದು ಸುಲಭವಾಗಿ ಬರಲಿಲ್ಲ. ಹದಿನೈದು ದಿನದ ಮೇಲೆ ಕಂಪನಿಯಿಂದ ಪತ್ರ ಬಂತು: ಡಿಸ್ಚಾರ್ಜ್ ಸಮ್ಮರಿಯ ಪ್ರಕಾರ ಎರಡು ವರ್ಷದಿಂದ ವಾಂತಿಯ ಇತಿಹಾಸವಿದೆ, ಇದು ಮೊದಲೇ ಇದ್ದ ಕಾಯಿಲೆಯೇ ಎಂದು ಸ್ಪಷ್ಟಪಡಿಸಿ. ಫೈಲು ತೆರೆದು ನೋಡಿದೆ. ‘ಎರಡು ದಿನ’ ಇರಬೇಕಾದ ಕಡೆ ಆಸ್ಪತ್ರೆಯವರು ‘ಎರಡು ವರ್ಷ’ ಎಂದು ಟೈಪು ಮಾಡಿದ್ದರು. ಇಪ್ಪತ್ತೆರಡು ವರ್ಷ ಬೇರೆಯವರ ಅಕ್ಷರದೋಷಗಳನ್ನು ಹಿಡಿದು ಸಂಬಳ ಪಡೆದವಳು ನಾನು. ನನ್ನ ನಾಯಿಯ ಕಾಗದದಲ್ಲಿದ್ದ ಒಂದು ಪದವನ್ನು ಓದದೆ ಸಹಿ ಹಾಕಿ ಮನೆಗೆ ಬಂದಿದ್ದೆ. ಮತ್ತೆ ಆಸ್ಪತ್ರೆಗೆ ಮೂರು ಸಲ ಅಲೆದ ಮೇಲೆ, ದಾಖಲಾದ ರಾತ್ರಿಯ ಕೇಸ್ ಶೀಟಿನ ಪ್ರತಿ ಹಾಗೂ ವೈದ್ಯರ ನೋಂದಣಿ ಸಂಖ್ಯೆಯಿದ್ದ ತಿದ್ದುಪಡಿ ಪತ್ರ ಸಿಕ್ಕವು. ಬಿಲ್ಲಿನಲ್ಲಾಗಲಿ ಪತ್ರದಲ್ಲಾಗಲಿ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕಂಪನಿ ಅದನ್ನು ಒಪ್ಪುತ್ತಿರಲಿಲ್ಲ.

ಆ ದಿನಗಳಲ್ಲಿ ಮುಂದಿನ ದಾರಿಯನ್ನೂ ತಿಳಿದುಕೊಂಡಿದ್ದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಜುಲೈ ಎರಡನೇ ವಾರ 29,040 ರೂಪಾಯಿ ಖಾತೆಗೆ ಜಮೆಯಾಯಿತು. ಅಪ್ಪನಿಗೆ ಫೋನು ಮಾಡಿ ಹೇಳಿದಾಗ, “ಓಲೆ ಸರ್ಯಾಗಿತ್ತು ಅನ್ನು” ಎಂದರು.

ಸೆಪ್ಟೆಂಬರಿನಲ್ಲಿ ಪಾಲಿಸಿಯನ್ನು ನವೀಕರಿಸಿದೆ. ಹೊಸ ಕಾಗದ ಬಂದ ದಿನವೇ ಮೊದಲ ಪುಟದಿಂದ ಓದಿದೆ. ಹೆಸರು ಸರಿ, ಚಿಪ್ ಸಂಖ್ಯೆಯ ಹದಿನೈದೂ ಅಂಕಿ ಸರಿ, ಉಪಮಿತಿ ಬದಲಾಗಿರಲಿಲ್ಲ. ಲಿಂಗ ಎಂಬ ಕಡೆ ‘ಗಂಡು’ ಎಂದಿತ್ತು. ಎಂಡಾರ್ಸ್‌ಮೆಂಟ್ ಎಂದು ಕರೆಯುವ ತಿದ್ದುಪಡಿಗೆ ಅಂದೇ ಬರೆದೆ. ಹನ್ನೆರಡು ದಿನದ ಮೇಲೆ, ಚುಕ್ಕಿ ಹೆಣ್ಣು ಎಂದು ಒಪ್ಪಿಕೊಂಡ ಒಂದು ಪುಟ ಬಂತು. ಅದನ್ನು ಪಾಲಿಸಿಗೆ ಪಿನ್ನು ಹೊಡೆದು ಇಟ್ಟಿದ್ದೇನೆ.