ಹದಿನೆಂಟು ತುಂಬುವ ಮೊದಲೇ ತಯಾರಾಗಿ

ಚಿಂತಾಮಣಿಯಿಂದ ಮಗಳನ್ನು ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹದಿನೆಂಟು ತುಂಬಿತು, ಈಗ ಅವಳು ದೊಡ್ಡವರ ವಿಭಾಗಕ್ಕೆ ಹೋಗುತ್ತಾಳೆ. ನಿಮ್ಮ ಮನೆಯಲ್ಲೂ ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಮಗು ಇದ್ದರೆ, ಹದಿನೇಳಕ್ಕೇ ಡಾಕ್ಟರನ್ನು ಕೇಳಿ: ಮುಂದೆ ಯಾರು ನೋಡುತ್ತಾರೆ? ಅವರಿಗೆ ಒಂದು ಪತ್ರ ಬರೆದುಕೊಡುತ್ತೀರಾ?

ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿಗೆ ಹಾಕಿ. ಯಾವ ಮಾತ್ರೆ, ಎಷ್ಟು ಎಂಜಿ ಅನ್ನೋದು ಸಾಲದು. ಯಾವುದು ಒಗ್ಗಲಿಲ್ಲ, ಏನಾಯ್ತು ಅಂತಲೂ ಬರೆಯಿರಿ. ಹೊಸ ಡಾಕ್ಟರಿಗೆ ಅದೇ ಜಾಸ್ತಿ ಬೇಕಾಗುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ 18 ತುಂಬಿದವರು ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗುವ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಬಹುದು. ಅದು ಅಮ್ಮನೇ ಆಗಬೇಕಂತಿಲ್ಲ. ಡಾಕ್ಟರ ಹತ್ತಿರ ಮಗನೋ ಮಗಳೋ ಒಬ್ಬರೇ ಮಾತಾಡಲಿ. ಹೊರಗೆ ಕೂರೋದು ಕಷ್ಟ, ಆದರೂ ಕೂರಿ.

ಹೊಸ ಡಾಕ್ಟರ್ ಸಿಗೋತನಕ ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ನಡುವೆ ತಳಮಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.