ಹಿಮ ಒಮ್ಮೆ ಬೂದಿ, ಒಮ್ಮೆ ಸುಣ್ಣ: ಬಳ್ಳಾರಿಯಲ್ಲಿ ಸರಿಪಡಿಸಿದ್ದು ಹೀಗೆ

ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ತೆಗೆದ ಕಪ್ಪು-ಬಿಳುಪು ಫಿಲ್ಮ್ ರೋಲಿನಲ್ಲಿ ಹಿಮ ಬೂದಿ ಬಣ್ಣಕ್ಕೆ ತಿರುಗಿದ್ದರೆ ಕಾರಣ ಬೆಳಕು ಅಳೆಯುವ ಮೀಟರ್. ಎದುರಿಗಿರುವುದನ್ನೆಲ್ಲ ಅದು ನಡುಬೂದಿ ಎಂದೇ ಲೆಕ್ಕ ಹಾಕುತ್ತದೆ. ಬಿಸಿಲಿನ ಹಿಮವನ್ನೇ ಅಳೆದು ಒಂದೂವರೆಯಿಂದ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು (ಒಂದು ಸ್ಟಾಪ್ ಹೆಚ್ಚು ಎಂದರೆ ಬೆಳಕು ಎರಡು ಪಟ್ಟು): ಮೀಟರ್ 1/500 ಸೆಕೆಂಡ್ ಅಂದರೆ ಶಟರ್ 1/125ಕ್ಕೆ ಇಡಿ. ಮೋಡವಿದ್ದರೆ ಒಂದು ಸ್ಟಾಪ್ ಸಾಕು. ಹಳದಿ ಫಿಲ್ಟರ್ ಹಾಕಿದರೆ ಹಿಮದ ನೀಲಿ ನೆರಳು ಗಾಢವಾಗಿ ಅಲೆಗಳು ಎದ್ದು ಕಾಣುತ್ತವೆ. ಲೆನ್ಸ್ ಮೂಲಕವೇ ಅಳೆಯುವ ಕ್ಯಾಮೆರಾ ಅಲ್ಲದಿದ್ದರೆ ಫಿಲ್ಟರ್ ತಡೆಯುವ ಬೆಳಕಿಗೆಂದು ಇನ್ನೊಂದು ಸ್ಟಾಪ್ ಸೇರಿಸಿ. ಹೊರಡುವ ಮೊದಲು ಹಿಮದಂತೆಯೇ ಬಿಳಿಯಾದ ರಾಯಚೂರಿನ ಹತ್ತಿ ರಾಶಿಯ ಮೇಲೆ ಅರ್ಧ ರೋಲು ಖರ್ಚು ಮಾಡಿ ನೋಡಿ, ದಂಡವಾಗುವುದಿಲ್ಲ.

ಇಷ್ಟಾದರೂ ಹಿಮ ಸುಣ್ಣದ ಗೋಡೆಯಂತೆ ಬೋಳಾಗಿ ಬಂದರೆ ದೋಷ ನಮ್ಮೂರ ನೀರಿನದು. ಬೇಸಿಗೆಯ ಟ್ಯಾಂಕಿನ ನೀರು 30 ಡಿಗ್ರಿ ದಾಟಿರುತ್ತದೆ. ಅದರಲ್ಲಿ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ಕಲಸಿ 20 ಡಿಗ್ರಿಯ ಸಮಯ ಹಿಡಿದರೆ ನೆಗೆಟಿವ್‌ನಲ್ಲಿ ಹಿಮದ ಭಾಗ ಕಗ್ಗಪ್ಪಾಗಿ ವಿವರ ಮುಚ್ಚಿಹೋಗುತ್ತದೆ; ಪ್ರಿಂಟಿನಲ್ಲಿ ಅದೇ ಬೋಳು ಬಿಳಿ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಡಿ-76 ಡೆವಲಪರ್, 1+1 (ಸಮ ಪ್ರಮಾಣದ ನೀರು ಬೆರೆಸಿ): 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಸುಮಾರು ಏಳೂವರೆ. ನಾನು 24ನ್ನೇ ಹಿಡಿಯುತ್ತೇನೆ, 20ಕ್ಕೆ ಇಳಿಸುವ ಹಟ ಇಲ್ಲಿ ಬೇಡ. ಬಾಟಲಿಗಳನ್ನು ಬಕೆಟ್ ನೀರಲ್ಲಿಟ್ಟು, ಐಸನ್ನು ಗಂಟು ಹಾಕಿದ ಕವರಿನಲ್ಲಿ ಬಕೆಟ್‌ಗೆ ಬಿಡಿ. ಐಸ್ ನೇರವಾಗಿ ಡೆವಲಪರಿಗೆ ಬಿದ್ದರೆ ಅದು ತೆಳುವಾಗುತ್ತದೆ. ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ತೊಳೆಯುವ ನೀರು ಎರಡೂ ಅದೇ ಬಕೆಟ್‌ನಲ್ಲಿರಲಿ. ತಂಪು ಫಿಲ್ಮಿಗೆ ಒಮ್ಮೆಲೇ ಬಿಸಿನೀರು ತಗುಲಿದರೆ ಅದರ ಮೇಲಿನ ಚಿತ್ರದ ಪದರ (ಎಮಲ್ಷನ್) ಸುಕ್ಕುಗಟ್ಟಬಹುದು.