ಮಿಲ್ಲಿನ ಮೋಟರ್ ಮೇಲೆ ಎಷ್ಟು ಲೋಡಿದೆ ಅಂತ ನಾನು ಕಂಡುಕೊಂಡಿದ್ದು

ನಮ್ಮದು ಸಣ್ಣ ಹಿಟ್ಟಿನ ಮಿಲ್ಲು. 10 ಎಚ್‌ಪಿ ಇಂಡಕ್ಷನ್ ಮೋಟರ್. ನೇಮ್‌ಪ್ಲೇಟ್ ಮೇಲೆ 415 ವೋಲ್ಟ್, 14.5 ಆಂಪ್, 1440 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಅಂತಿದೆ, ಇವು ಪೂರ್ತಿ ಲೋಡಿನ ಅಂಕಿಗಳು. ಸಂಜೆ ಹೊತ್ತು ರಾಗಿ ಬೀಸುವಾಗ ಸ್ಟಾರ್ಟರ್‌ನ ರಿಲೇ (ಕರೆಂಟು ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಟ್ರಿಪ್ ಆಗುತ್ತಿತ್ತು. ಜನ ಕಾಯುತ್ತಾರಲ್ಲ ಅಂತ ರಿಲೇಯ ಮಿತಿಯನ್ನು 10 ಆಂಪಿಗೆ ಏರಿಸಿದೆ. ಟ್ರಿಪ್ ನಿಂತಿತು. ವಾರದೊಳಗೆ ವೈಂಡಿಂಗ್ ಸುಟ್ಟಿತು.

ರಿವೈಂಡಿಂಗ್ ಆಗಿ ಬಂದ ಮೇಲೆ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಜೊತೆ ವೇಗ ಅಳೆಯುವ ಒಂದು ಟ್ಯಾಕೋಮೀಟರ್ ಕೂಡ ತಂದೆ. ಪುಲ್ಲಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ಅಳೆಯತೊಡಗಿದೆ.

ಬೆಲ್ಟ್ ಬಿಚ್ಚಿ ಮೋಟರ್ ಒಂದನ್ನೇ ಓಡಿಸಿದರೆ 1495 ಆರ್‌ಪಿಎಂ, 5.5 ಆಂಪ್. ಏನೂ ಕೆಲಸವಿಲ್ಲದಿದ್ದರೂ ಇಷ್ಟು ಕರೆಂಟು! ಒಳಗಿನ ಕಾಂತಕ್ಷೇತ್ರ ಉಳಿಸಿಕೊಳ್ಳುವುದಕ್ಕೇ ಅದು ಬೇಕು. ಬೆಲ್ಟ್ ಹಾಕಿ ಕಾಳು ಬೀಳುವ ಕಿಂಡಿಯನ್ನು ಸ್ವಲ್ಪ ತೆರೆದಾಗ 1470, ಸುಮಾರು 9 ಆಂಪ್. ಇನ್ನೂ ತೆರೆದಾಗ 1440, 14.5 ಆಂಪ್.

ಇಲ್ಲೇ ನನಗೆ ವಿಷಯ ಹೊಳೆದದ್ದು. 9 ಆಂಪ್ ನೋಡಿ 14.5ರಲ್ಲಿ ಅದು ಸುಮಾರು ಶೇ 62, ಲೋಡೂ ಅಷ್ಟೇ ಇದೆ ಅಂದುಕೊಳ್ಳುತ್ತಿದ್ದೆ. ನಿಜಕ್ಕೂ ಅರ್ಧವೇ. 50 ಹರ್ಟ್ಸ್‌ನಲ್ಲಿ ನಾಲ್ಕು ಪೋಲ್ (ಕಾಂತದ ಧ್ರುವ) ಇರುವ ನಮ್ಮಂಥ ಮೋಟರ್‌ನ ಕಾಂತಕ್ಷೇತ್ರ 1500ರಲ್ಲಿ ತಿರುಗುತ್ತದೆ. ಅದಕ್ಕಿಂತ ರೋಟರ್ (ಮೋಟರ್ ಒಳಗೆ ತಿರುಗುವ ಭಾಗ) ಎಷ್ಟು ಹಿಂದೆ ಬಿದ್ದಿದೆಯೋ ಅದೇ ಸ್ಲಿಪ್. 60 ಸುತ್ತು ಹಿಂದೆ ಬಿದ್ದರೆ ಪೂರ್ತಿ ಲೋಡ್, 30 ಆದರೆ ಅರ್ಧ. ವೋಲ್ಟೇಜ್ ಸರಿಯಿದ್ದಾಗ ಲೋಡ್ ತಿಳಿಯಲು ಆಂಪಿಗಿಂತ ವೇಗವೇ ನೇರ ದಾರಿ.

ಆಮೇಲೆ ಸಂಜೆ ಅಳೆದೆ. ವೋಲ್ಟೇಜ್ 350. ಬೆಳಗ್ಗೆ 1440 ತೋರಿಸಿದ ಅಷ್ಟೇ ರಾಗಿಗೆ ಈಗ 1415, ಕರೆಂಟು 17 ಆಂಪ್. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 350ಕ್ಕೆ ಮೋಟರ್‌ನ ತಾಕತ್ತು ಶೇ 71 ಮಾತ್ರ. ಲೋಡ್ ಹಾಗೇ ಇದ್ದರೆ ರೋಟರ್ ಇನ್ನೂ ಹಿಂದೆ ಬಿದ್ದು, ಜಾಸ್ತಿ ಕರೆಂಟು ಎಳೆದು ಆ ಕೊರತೆ ತುಂಬಬೇಕು. ಬಿಸಿಯೂ ಕರೆಂಟಿನ ವರ್ಗದ ಲೆಕ್ಕವೇ, 14.5ಕ್ಕೆ ಹೋಲಿಸಿದರೆ 17 ಆಂಪಿಗೆ ವೈಂಡಿಂಗ್ ಬಿಸಿ ಸುಮಾರು ಶೇ 37 ಜಾಸ್ತಿ. ನಮ್ಮ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ರಿಲೇ ವೈಂಡಿಂಗ್ ಒಳಗಿನ ಕರೆಂಟನ್ನಷ್ಟೇ ನೋಡುತ್ತದೆ, ಅಂದರೆ ಹೊರಗಿನ ಲೈನಿನಲ್ಲಿ ಟಾಂಗ್ ಟೆಸ್ಟರ್ ತೋರಿಸುವ ಕರೆಂಟಿನ ಶೇ 58. 17ಕ್ಕೆ ಅದು 9.8 ಆಯಿತು. ನಾನು ಇಟ್ಟಿದ್ದು 10! ರಿಲೇ ಸುಮ್ನೆ ಇದ್ದಿದ್ದು ಅದಕ್ಕೇ.

ಈಗ ರಿಲೇ 8.4ರಲ್ಲಿದೆ. ಸಂಜೆ 1440ಕ್ಕಿಂತ ಕೆಳಗೆ ಇಳಿಯುವ ಮೊದಲೇ ಕಿಂಡಿ ಕಿರಿದು ಮಾಡುತ್ತೇನೆ, ಟಾಂಗ್ ಟೆಸ್ಟರ್ 14.5 ದಾಟಲು ಬಿಡುವುದಿಲ್ಲ. ಒಂದು ಡಬ್ಬ ರಾಗಿಗೆ ನಾಲ್ಕೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಬಂದವರಿಗೆ ಹೇಳಿ ಕೂರಿಸುತ್ತೇನೆ.